ಕಡಲಿಗೆ ಹೊರಟ ಬಸ್ಸಿನ ಮೇಲೆ ಊರಿಗಿದ್ದ ಸಂಶಯ

ಆ ಮಧ್ಯಾಹ್ನ ಸಮಾಜ ಮಂದಿರದ ಹತ್ತಿರ ನಾವು ಒಂಬತ್ತು ಜನ ಇದ್ದೆವು. ಮಹಿಳಾ ಮಂಡಳದ ಅಧ್ಯಕ್ಷೆ, ಆಕೆಯ ಗಂಡ, ಟಪಾಲು ಹಂಚುವವರು, ಮಂಡಳದ ನಾಲ್ವರು ಸದಸ್ಯೆಯರು, ಗ್ರಾಮಸೇವಿಕೆಯಾದ ನಾನು. ಈ ಎಂಟು ಜನ ಕಟ್ಟೆಯ ಮೇಲೆ. ಒಂಬತ್ತನೆಯವಳು ಎದುರಿನ ಬೇವಿನ ಮರದ ಕೆಳಗೆ, ನಮಗೆ ಬೆನ್ನು ಕೊಟ್ಟು ಕುಸುಬಿ ಹಸನು ಮಾಡುತ್ತ ಕೂತಿದ್ದಳು. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿತ್ತು. ಅವಳು ಸಭೆಗೆ ಬಂದವಳಲ್ಲ. ಆದರೆ ಕುಸುಬಿ ಹಸನು ಮಾಡಲು ಅವಳ ಮನೆಯಲ್ಲಿ ನಾಲ್ಕು ಅಂಕಣದ ಪಡಸಾಲೆ ಇತ್ತು.

ನವಲಗುಂದ ಸೀಮೆಯ ಎರೆ ಹೊಲದ ಊರು ಅದು. ಎಂಬತ್ತರ ದಶಕದ ನಡುವಿನ ಒಂದು ವರ್ಷ. ಹಿಂಗಾರಿ ಜೋಳದ ರಾಶಿ ಇನ್ನೇನು ಮುಗಿಯುವುದರಲ್ಲಿತ್ತು. ನಾನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಮೂರು ದಿನದ ಪ್ರವಾಸದ ಯೋಜನೆ ಓದುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಊರು ಬಿಡುವುದು. ಹುಬ್ಬಳ್ಳಿ. ಕಲಘಟಗಿಯಲ್ಲಿ ಎರಡು ತಾಸು. ಯಲ್ಲಾಪುರದಲ್ಲಿ ಬುತ್ತಿ ಬಿಚ್ಚುವುದು. ಅರಬೈಲ್ ಘಾಟು ಇಳಿದು ಅಂಕೋಲೆ, ಸಂಜೆಗೆ ಗೋಕರ್ಣ. ಮರುದಿನ ದೇವರು, ಸಮುದ್ರ, ಅಲ್ಲಿಯ ಊಟ. ಮೂರನೆಯ ದಿನ ಕಾರವಾರ ನೋಡಿ ತಿರುಗುವುದು.

"ಸಮುದ್ರದಾಗ ಏನೈತ್ರಿ ಬಾಯಾರ?" ಎಂದು ಅಧ್ಯಕ್ಷೆಯ ಗಂಡ ಕೇಳಿದರು.

"ನೀರೈತ್ರಿ," ಎಂದೆ.

"ನೀರ ನೋಡಾಕ ಮೂರ ದಿನಾನ?"

"ನಮ್ಮೂರಾಗ ಕುಡ್ಯೂ ನೀರ ನೋಡಾಕೂ ಮೂರ ದಿನ ಕಾಯ್ತೀವಲ್ರಿ ಕಾಕಾ," ಎಂದಳು ಸದಸ್ಯೆಯೊಬ್ಬಳು. ಎಲ್ಲರೂ ನಕ್ಕರು. ಸಭೆ ಒಂದು ಹದಕ್ಕೆ ಬಂತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಬೇವಿನ ಮರದ ಕಡೆಯಿಂದ ಮಾತು ಬಂತು. ಆಯಿ ತಿರುಗಿಯೂ ನೋಡಲಿಲ್ಲ.

"ಕಲಘಟಗ್ಯಾಗ ಎರಡ ತಾಸ ಏನ ಕೆಲಸ ಅಂತ ಕೇಳ್ರಿ ಆಕೀನ್ನ."

ಇದು ಅಧ್ಯಯನ ಪ್ರವಾಸ, ಬ್ಲಾಕ್ ಆಫೀಸಿನವರು ಕಳಿಸುವುದು, ದಾರಿಯಲ್ಲಿ ಇನ್ನೊಂದು ಮಂಡಳವನ್ನು ನೋಡಲೇಬೇಕು, ಅಲ್ಲಿಗೆ ಹತ್ತಿರ ಮಿಶ್ರಿಕೋಟಿಯಲ್ಲಿ ಒಳ್ಳೆಯ ಮಂಡಳವಿದೆ ಎಂದು ಬಿಡಿಸಿ ಹೇಳಿದೆ. ಟಪಾಲಿನವರು ಕೆಮ್ಮಿದರು.

"ಆ ವಾರನ ಕಲಘಟಗ್ಯಾಗ ಕ್ಯಾಂಪ್ ಐತ್ರಿ. ಹುಬ್ಬಳ್ಳಿ ಸ್ಟ್ಯಾಂಡಿನಾಗ ಗ್ವಾಡಿಗೆ ಹಚ್ಚ್ಯಾರ. ನಾ ಓದೇನಿ."

ಆ ಕಾಲದಲ್ಲಿ ಕ್ಯಾಂಪ್ ಎಂದರೆ ಯಾವ ಕ್ಯಾಂಪ್ ಎಂದು ಯಾರೂ ಕೇಳುತ್ತಿರಲಿಲ್ಲ. ಮುಂದೆ ಮಕ್ಕಳಾಗದಂತೆ ಮಾಡುವ ಹೆಂಗಸರ ಆಪರೇಷನ್ ಕ್ಯಾಂಪ್. ನಾಲ್ವರು ಸದಸ್ಯೆಯರು ಸೆರಗು ಸರಿಮಾಡಿಕೊಂಡರು. ಸಭೆ ಮುಗಿಯಿತು.

ಈ ಸಂಶಯಕ್ಕೆ ಬೇರು ಇತ್ತು, ಆ ಬೇರು ನಾನೇ. ಎರಡು ವರ್ಷದ ಹಿಂದೆ, ವರ್ಷಕ್ಕೆ ಇಷ್ಟು ಆಪರೇಷನ್ ಎಂದು ಸರಕಾರ ಕೊಟ್ಟ ಗುರಿ ಮುಟ್ಟಿಸಲು ಈ ಊರಿಂದ ನಾಲ್ವರು ಹೆಂಗಸರನ್ನು ಜೀಪಿನಲ್ಲಿ ಶಿಬಿರಕ್ಕೆ ಒಯ್ದಿದ್ದೆ. ನಾಲ್ವರೂ ತಾವಾಗಿ ಬಂದವರು. ಅವರಲ್ಲಿ ಒಬ್ಬಳು ಆಯಿಯ ಹಿರಿಯ ಸೊಸೆ, ಐದು ಮಕ್ಕಳ ತಾಯಿ. ನನ್ನ ಕೈ ಹಿಡಿದು ಕೇಳಿಕೊಂಡವಳು ಅವಳೇ. ಆದರೆ ಮನೆಯಲ್ಲಿ ಒಪ್ಪುವುದಿಲ್ಲ ಎಂದಾಗ, "ರಕ್ತ ತಪಾಸಣಿ ಅಂತ ಹೇಳಿದ್ರಾತು" ಎಂದು ಉಪಾಯ ಹೇಳಿಕೊಟ್ಟವಳು ನಾನು. ಆಯಿಯ ಎದುರು ನಿಂತು ಆ ಸುಳ್ಳನ್ನು ನಾನೇ ಹೇಳಿದ್ದೆ. ಹೊಲಿಗೆ ಕೀವಾಗಿ ಸೊಸೆ ಹನ್ನೆರಡು ದಿನ ಜ್ವರದಲ್ಲಿ ಬಿದ್ದಳು. ಮೂರನೆಯ ದಿನ ಗಾಯ ನೋಡಿದಾಗ ಆಯಿಗೆ ತಿಳಿಯಿತು. ಅವಳು ಬಾಯಿ ಮಾಡಲಿಲ್ಲ. ಸೊಸೆಯ ಬಾಣಂತನ ಮಾಡುವವರಂತೆ ಎಲ್ಲ ಮಾಡಿ ಎಬ್ಬಿಸಿದಳು. ಅಂದಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಊರಲ್ಲಿ ನನಗೆ 'ಜೀಪಿನಾಕಿ' ಎಂದು ಹೆಸರಾಯಿತು. ಹೊಲಿಗೆ ತರಗತಿಗೆ ಬರುವವರು ಇಪ್ಪತ್ತರಿಂದ ಏಳಕ್ಕೆ ಇಳಿದರು.

ಹಾಗಾಗಿ ತಾಲೂಕಿನ ಒಂದು ಮಂಡಳವನ್ನು ಪ್ರವಾಸಕ್ಕೆ ಕಳಿಸುತ್ತಾರೆ ಎಂಬ ಪತ್ರ ಬಂದಾಗ ನಾನು ಹಟ ಹಿಡಿದು ಈ ಊರಿನ ಹೆಸರು ಕೊಟ್ಟಿದ್ದೆ. ಷರತ್ತು ಒಂದೇ, ಕನಿಷ್ಠ ಮೂವತ್ತು ಹೆಂಗಸರು, ಮನೆಯವರ ಒಪ್ಪಿಗೆಯೊಡನೆ. ಮೂವತ್ತು ಆಗದಿದ್ದರೆ ಪ್ರವಾಸ ಬೇರೆ ಊರಿಗೆ. ಏಳು ಜನರ ಮಂಡಳವನ್ನು ಮುಂದಿನ ವರ್ಷ ಯಾರೂ ಉಳಿಸುತ್ತಿರಲಿಲ್ಲ, ನನಗೂ ಆ ಊರಿನ ಬಾಗಿಲು ಮುಚ್ಚಿದಂತೆಯೇ. ಸಮುದ್ರವಾದರೂ ಇವರನ್ನು ಮತ್ತೆ ನನ್ನ ಕಡೆ ಕರೆತಂದೀತು ಎಂಬ ಆಸೆ ನನ್ನದು.

ಸಭೆಗೆ ಮೊದಲೇ ಎರಡು ದಿನ ರಜೆ ಹಾಕಿ ಒಬ್ಬಳೇ ಹೋಗಿ ದಾರಿ ನೋಡಿ ಬಂದಿದ್ದೆ. ನನ್ನ ಅಜ್ಜಿ ಯಾವ ಊರಿಗೆ ಹೊರಟರೂ ಮೊದಲು ಕೇಳುತ್ತಿದ್ದುದು ಮೂರೇ ಪ್ರಶ್ನೆ. ಎಲ್ಲಿ ಉಣ್ಣೋದು, ಎಲ್ಲಿ ಮಲಗೋದು, ಎಲ್ಲಿ ಹೊರಕಡೆ ಹೋಗೋದು. ನೋಟ್‌ಬುಕ್ಕಿನಲ್ಲಿ ಅದೇ ಮೂರು ಕಾಲಂ ಹಾಕಿಕೊಂಡೆ. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ನಮ್ಮ ಹೆಂಗಸರಿಗೆ ನಸುಕಿನಲ್ಲಿ ಜಾಲಿಗಿಡದ ಮರೆ ಬೇಕು. ಕಡಲ ದಂಡೆ ಬಟಾಬಯಲು. ಗೋಕರ್ಣದಲ್ಲಿ ಆರು ಪಾಯಿಖಾನೆ ಇರುವ ಧರ್ಮಶಾಲೆ ಸಿಕ್ಕಿದ ಮೇಲೆಯೇ ನನಗೆ ಉಸಿರು ಬಂತು. ಒಬ್ಬೊಬ್ಬರಿಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ, ಎದ್ದೇಳುವ ಹೊತ್ತನ್ನು ನಾಲ್ಕಕ್ಕೆ ಗೊತ್ತುಮಾಡಿದೆ.

ಧರ್ಮಶಾಲೆಯ ಮಗ್ಗುಲಲ್ಲಿ ಒಂದು ಖಾನಾವಳಿ. ನಡೆಸುವವಳು ವಿಧವೆ, ಮಾತು ಚುರುಕು. ಇದೇ ಪಾತ್ರೆಯಲ್ಲಿ ಮೀನು ಮಾಡುತ್ತೀರಾ ಎಂದು ನಾನು ಮೂರನೆಯ ಸಲ ಕೇಳಿದಾಗ ಅವಳು ಸೌಟನ್ನು ನನ್ನ ಕೈಗೇ ಕೊಟ್ಟಳು.

"ಎಂತಕೆ ಇಷ್ಟು ಸಂಶಯ ನಿಮಗೆ? ಮೂಸಿ ನೋಡಿ."

ನಾನು ಮೂಸಿದೆ. ಸೌಟು, ಬೋಗುಣಿ, ಅಂಬಲಿಯ ಗಡಿಗೆ, ಎಲ್ಲವನ್ನೂ. ಮೀನು ತಿನ್ನುವ ಎಂಟು ಜನರಿಗಾಗಿ ಮೀನುಗಾರರ ಕೇರಿಯಲ್ಲಿ ಬೇರೊಂದು ಮನೆ ಗೊತ್ತುಮಾಡಿದೆ. ದೋಣಿ ದುರಸ್ತಿ ಮಾಡುತ್ತಿದ್ದ ಮುದುಕನೊಬ್ಬ ನೀರಿನ ಏರಿಳಿತದ ಲೆಕ್ಕ ಹೇಳಿದ. ಅಮಾವಾಸ್ಯೆ ಹುಣ್ಣಿಮೆಗೆ ಎಳೆತ ಜೋರು, ಅಷ್ಟಮಿಯ ಆಜುಬಾಜು ಸಮುದ್ರ ಸ್ವಲ್ಪ ಸಾವಧಾನ. ಹಾಗಾಗಿ ಅಷ್ಟಮಿಗೆ ತಾಗಿಸಿ ದಿನ ಆರಿಸಿದೆ. ನೆನೆದ ಇಳಕಲ್ಲ ಸೀರೆ ಕಾಲಿಗೆ ಸುತ್ತಿಕೊಂಡರೆ ಗಟ್ಟಿ ಹೆಂಗಸೂ ಬೀಳುತ್ತಾಳೆ. ಮೊಣಕಾಲ ತನಕ ಮಾತ್ರ ನೀರಿಗಿಳಿಯುವುದು, ಐದೈದು ಜನ ಕೈ ಹಿಡಿದು, ಎಂದು ನಿಯಮ ಬರೆದುಕೊಂಡೆ.

ತಿರುಗಿ ಬಂದು ಬ್ಲಾಕ್ ಆಫೀಸಿನಲ್ಲಿ ಯೋಜನೆ ತೋರಿಸಿದಾಗ ನನ್ನ ಮೇಲಿನ ಅಧಿಕಾರಿ ಹಾಳೆಯ ಮೇಲೆ ಬೆರಳಿಟ್ಟರು.

"ಕಲಘಟಗಿ ಹಾದ ಹೋಗ್ತೀರಲ್ಲ? ಅವತ್ತ ಅಲ್ಲಿ ಕ್ಯಾಂಪ್ ಅದ. ನಾಕೈದ ಕೇಸ್ ಆದ್ರ ನಿಮ್ಮ ಈ ವರ್ಷದ ಗುರಿ ಮುಗೀತದ. ನೋಡ್ರಿ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮಿಶ್ರಿಕೋಟಿಯ ಮಂಡಳ ನೋಡಲು ಮೊದಲು ಬರೆದಿದ್ದುದು ಒಂದು ತಾಸು. ಮನೆಗೆ ಬಂದು ಶುದ್ಧಪ್ರತಿ ಬರೆಯುವಾಗ ಅದನ್ನು ಎರಡು ತಾಸು ಮಾಡಿದೆ. ಯಾಕೆ ಮಾಡಿದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಇಪ್ಪತ್ತು ಸಾಲಿನ ಆ ಹಾಳೆಯಲ್ಲಿ ಆಯಿ ಬೆನ್ನು ತಿರುಗಿಸಿ ಕೂತು ಹಿಡಿದಿದ್ದು ಆ ಒಂದು ಸಾಲನ್ನು.

ಸಭೆಯ ದಿನ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರಿದ್ದವು. ನಾಲ್ಕು ದಿನದಲ್ಲಿ ಹನ್ನೊಂದಾದವು. ಮನೆಯಲ್ಲಿ ಬೇಡ ಅಂತಾರೆ ಎಂದು ಒಬ್ಬೊಬ್ಬರೇ ಬಂದು ಹೇಳಿದರು. ಕೆಲವರು ಹೇಳಲೂ ಬರಲಿಲ್ಲ, ನಾನು ಎದುರಾದರೆ ಓಣಿ ಬದಲಿಸಿದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಡಾಕ್ಟರ್ ಕೂತಿರುತ್ತಾನಂತೆ ಎಂಬ ಸುದ್ದಿ ಹಬ್ಬಿತು. ಘಟ್ಟದ ಕೆಳಗಿನ ಅನ್ನ ಉಂಡರೆ ಜಂಪು ಹತ್ತುತ್ತದಂತೆ, ಆಮೇಲೆ ಏನು ಮಾಡಿದರೂ ತಿಳಿಯುವುದಿಲ್ಲವಂತೆ. ಕೊನೆಗೆ ಅಧ್ಯಕ್ಷೆಯೇ ನನ್ನ ಖೋಲಿಗೆ ಬಂದಳು. ಕದ ಮುಂದೆಳೆದು ಕೇಳಿದಳು.

"ಬಾಯಾರ, ನನಗರೆ ಖರೇ ಹೇಳ್ರಿ. ಏನೂ ಇಲ್ಲಲ್ಲ?"

ಇಲ್ಲ ಎನ್ನಲು ಬಾಯಿ ತೆರೆದೆ. ಬದಲಿಗೆ ಎದುರಿಗಿದ್ದ ಯೋಜನೆಯ ಹಾಳೆಯನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟೆ. ಆಕೆ ಅದನ್ನು ನೋಡಿ, "ಹಂಗಾರ ನನ್ನ ಹೆಸರೂ ತಗೀರಿ" ಎಂದು ಹೊರಟುಹೋದಳು.

ಮರುದಿನ ಬೆಳಿಗ್ಗೆ ಹಾಳೆ ಹಿಡಿದುಕೊಂಡು ಆಯಿಯ ಮನೆಗೆ ಹೋದೆ. ಹಿರಿಯ ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಬಡಿಯುವ ಸಪ್ಪಳ ನಿಂತಿತು. ಆಯಿ ಕೂಡು ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ.

"ಎರಡ ವರ್ಷದ ಹಿಂದ ನಾ ನಿಮಗ ಸುಳ್ಳ ಹೇಳಿದ್ದೆ. ನಿಮ್ಮ ಸೊಸಿ ಹೇಳಿಸಿದ್ದಲ್ಲ, ನಾನ ಹೇಳಿದ್ದು. ಮೊನ್ನಿ ನೀವು ಕೇಳಿದ್ದೂ ಬರೋಬ್ಬರಿನ ಐತ್ರಿ. ಕ್ಯಾಂಪಿಗೆ ನಾಕೈದ ಮಂದಿ ಆದ್ರ ನೋಡು ಅಂತ ಮ್ಯಾಲಿನವರು ಅಂದಿದ್ರು. ಒಂದ ತಾಸ ಇದ್ದದ್ದನ್ನ ಎರಡ ಮಾಡಿದಾಕಿ ನಾನ."

ಆಯಿ ಅಡಕೊತ್ತಿನಲ್ಲಿ ಇಟ್ಟಿದ್ದ ಅಡಿಕೆಯನ್ನು ಕತ್ತರಿಸಿದಳು.

"ಹಂಗಾರ ನನ್ನ ಮೂಗು ಇನ್ನೂ ಚಲೋ ಐತಿ."

"ಹೌದ್ರಿ."

"ಈಗ ಯಾಕ ಬಂದಿ?"

ಹಾಳೆಯನ್ನು ಅವಳ ಮುಂದೆ ಇಟ್ಟೆ. ನೀವು ಬೇಡ ಎಂದದ್ದನ್ನೆಲ್ಲ ಹೊಡೆದು ಹಾಕುತ್ತೇನೆ, ನೀವು ಹೇಳಿದ ಕಡೆ ಮಾತ್ರ ಬಸ್ಸು ನಿಲ್ಲುತ್ತದೆ ಎಂದೆ.

"ಕಾಗದಾ ಯಾರ ಓದಬೇಕು? ನೀ ಒಂದ ಬರದು ಇನ್ನೊಂದ ಓದಿದ್ರ?" ಎಂದಳು. ಆಮೇಲೆ ಸೊಸೆಯನ್ನು ಕೂಗಿ ಪುಂಡಿನಾರಿನ ಹುರಿ ತರಿಸಿದಳು. ಕಣದಲ್ಲಿ ರಾಶಿ ತುಂಬುವಾಗ ಚೀಲಕ್ಕೊಂದು ಗಂಟು ಹಾಕಿ ಎಣಿಕೆ ಇಡುವ ಹುರಿ ಅದು. ಓದು ಬಾರದ ಮನೆಗಳಲ್ಲಿ ಅದರ ಎಣಿಕೆಯನ್ನು ಯಾರೂ ತೆಗೆದುಹಾಕುವಂತಿರಲಿಲ್ಲ.

ನಾನು ಒಂದೊಂದೇ ಊರು ಹೇಳುತ್ತ ಹೋದೆ. ಅವಳು ಯಾಕೆ, ಎಷ್ಟೊತ್ತು, ಯಾರ ಮನೆ ಎಂದು ಕೇಳಿ, ಸಮಾಧಾನವಾದರೆ ಗಂಟು ಹಾಕಿದಳು. ಊಟದ ಕಡೆ ಸಣ್ಣದು, ಮಲಗುವ ಕಡೆ ದೊಡ್ಡದು. ಹೊರಕಡೆಗೆ ಇಳಿಯುವಲ್ಲಿ ಜೋಡಿ ಗಂಟು. ಯಲ್ಲಾಪುರಕ್ಕೆ ಹಾಕಿದಳು. ಕಲಘಟಗಿಗೆ ಹುರಿಯನ್ನು ನುಣ್ಣಗೆ ಬಿಟ್ಟಳು.

"ಮಿಶ್ರಿಕೋಟಿ ನೋಡದಿದ್ರ ಇದು ಅಧ್ಯಯನ ಆಗಂಗಿಲ್ರಿ."

"ಬರೂ ಮುಂದ ನೋಡೂಣು. ಆವಾಗ ಕ್ಯಾಂಪ್ ಮುಗಿದಿರ್ತೈತಿ. ಒಂದ ತಾಸ." ಗಂಟು ಹಾಕಿ ಹುರಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು. "ನಾನೂ ಬರ್ತೀನಿ. ಡ್ರೈವರನ ಬಾಜು ನನ್ನ ಸೀಟು."

ಅಧಿಕಾರಿಗೆ ಬಸ್ಸು ಕಲಘಟಗಿಯಲ್ಲಿ ನಿಲ್ಲುವುದಿಲ್ಲ ಎಂದು ಹೇಳಿದೆ. ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ವಾರದೊಳಗೆ ಪಟ್ಟಿಯಲ್ಲಿ ಮೂವತ್ತೆರಡು ಹೆಸರಾದವು. ಯಾರೂ ನನ್ನನ್ನು ನಂಬಿ ಬಂದವರಲ್ಲ. ಆಯಿ ಹುರಿ ಹಿಡಿದಿದ್ದಾಳೆ ಎಂದು ಬಂದವರು.

ಹೊರಟ ದಿನ ಹುಬ್ಬಳ್ಳಿ ದಾಟುವಾಗ ಬೆಳಕಾಯಿತು. ಕಲಘಟಗಿಯ ಹತ್ತಿರ ಬರುತ್ತಲೇ ಡ್ರೈವರ್ ಬಸ್ಸನ್ನು ನಿಧಾನ ಮಾಡಿ ಹೋಟೆಲಿನ ಕಡೆ ತಿರುಗಿಸಿದ.

"ಇಲ್ಲಿ ಗಂಟಿಲ್ಲ," ಎಂದಳು ಆಯಿ.

"ಏನ ಗಂಟ ಬೇ ಆಯಿ? ಒಂದ ಕಪ್ ಚಾ ಕುಡ್ಯಾಕ ಹೊಂಟೇನಿ."

"ಚಾ ಯಲ್ಲಾಪುರದಾಗ ಕುಡಿ. ನಾನ ಸೋಸಿ ಕೊಡ್ತೇನಿ. ನಡಿ."

"ಅಲ್ಲಿ ತನಕ ನಿದ್ದಿ ಬಂದ್ರ?"

"ನಾ ಬಾಜು ಕುಂತಾಗ ನಿನಗ ನಿದ್ದಿ ಹೆಂಗ ಬರ್ತೈತೋ ನೋಡ್ತೇನಿ."

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಗೋಡೆಯ ಮೇಲೆ ಕ್ಯಾಂಪಿನ ದೊಡ್ಡ ಕಾಗದ, ಮುಂದೆ ಪೆಂಡಾಲು, ಪೆಂಡಾಲಿನ ನೆರಳಲ್ಲಿ ಒಂದು ಜೀಪು. ಮೂವತ್ತೆರಡು ಹೆಂಗಸರೂ ಅದನ್ನು ನೋಡಿದರು. ಊರಿನ ಕಟ್ಟಕಡೆಯ ಮನೆ ಹಿಂದೆ ಸರಿಯಿತು. ಆಮೇಲೆ ಯಾರೋ ಶೇಂಗಾದ ಗಂಟು ಬಿಚ್ಚಿದರು, ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು.

ಅರಬೈಲ್ ಘಾಟಿನಲ್ಲಿ ಅರ್ಧ ಬಸ್ಸು ವಾಂತಿ ಮಾಡಿತು. ಸಂಜೆ ಗೋಕರ್ಣದ ದಂಡೆಯಲ್ಲಿ ಐದೈದು ಜನರ ಸಾಲು ಕೈ ಹಿಡಿದು ನೀರಿಗಿಳಿಯಿತು. ಹಿರಿಯ ಸೊಸೆ ತೆರೆ ಬಂದಾಗಲೆಲ್ಲ ಕಣ್ಣು ಮುಚ್ಚಿ, ಹೋದಾಗ ತೆರೆದು, ಕಾಲ ಕೆಳಗಿನ ಮರಳು ಸರಿಯುವುದನ್ನು ನೋಡುತ್ತಿದ್ದಳು. ಆಯಿ ಬೊಗಸೆಯಲ್ಲಿ ನೀರೆತ್ತಿ ಬಾಯಿಗಿಟ್ಟು ಉಗುಳಿದಳು. "ಇಷ್ಟ ನೀರ ಇಟಗೊಂಡು ಒಂದ ಕೊಡ ಉಪಯೋಗ ಇಲ್ಲ," ಎಂದಳು.

ಎರಡನೆಯ ದಿನ ಬೆಳಿಗ್ಗೆ ನನ್ನ ಯೋಜನೆ ಕೈಕೊಟ್ಟಿತು.

ಪ್ರತಿ ಮನೆಯಿಂದ ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ ತಂದಿದ್ದರು. ನಮ್ಮ ಸೀಮೆಯಲ್ಲಿ ಒಣಗಿಸಿಟ್ಟ ಜೋಳದ ರೊಟ್ಟಿ ತಿಂಗಳಾದರೂ ಮುರಿದರೆ ಟಕ್ ಎನ್ನುತ್ತದೆ. ಅದನ್ನೇ ನಂಬಿ ಎರಡು ದಿನದ ಬೆಳಗಿನ ನ್ಯಾರಿಯನ್ನೂ ಒಂದು ಊಟವನ್ನೂ ರೊಟ್ಟಿಯ ಮೇಲೆಯೇ ಹಾಕಿದ್ದೆ. ಗಂಟು ಬಿಚ್ಚಿದರೆ ರೊಟ್ಟಿಗಳು ಒದ್ದೆ ಅರಿವೆಯ ಹಾಗೆ ಜೋಲುಬಿದ್ದಿದ್ದವು. ಒಬ್ಬರದಲ್ಲ, ಎಲ್ಲರವೂ. ಕೆಲವಕ್ಕೆ ಮುಗ್ಗಲು ವಾಸನೆ.

"ಯಾರೋ ನೀರ ಚಿಮಕಿಸ್ಯಾರ," ಎಂದಳು ಒಬ್ಬಳು.

"ನಮ್ಮ ರೊಟ್ಟಿ ಕೆಟ್ರ ಅಲ್ಲ ಅವರ ಅನ್ನ ಉಣ್ಣೂದು?" ಎಂದಳು ಇನ್ನೊಬ್ಬಳು.

ಎಲ್ಲರೂ ನನ್ನ ಕಡೆ ನೋಡಿದರು. ಅನ್ನದಲ್ಲಿ ಜಂಪಿನ ಔಷಧವಿದೆಯೆಂಬ ಸುದ್ದಿ ಬಸ್ಸಿನಲ್ಲಿ ನಮ್ಮ ಜೊತೆಯೇ ಬಂದಿತ್ತು. ಪಾತ್ರೆ ಮೂಸಿದ್ದೆ, ಪಾಯಿಖಾನೆ ಎಣಿಸಿದ್ದೆ, ತಿಥಿ ನೋಡಿದ್ದೆ. ರೊಟ್ಟಿ ಕೆಡಬಹುದು ಎಂದು ಜೋಳದ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಹೊಳೆದೀತು?

"ನನಗೂ ಗೊತ್ತಿಲ್ರಿ ಆಯಿ," ಎಂದೆ.

ಗದ್ದಲ ಕೇಳಿ ಖಾನಾವಳಿಯವಳು ಬಂದಳು. ಒಂದು ರೊಟ್ಟಿ ಮುಟ್ಟಿ ನೋಡಿ, ಒಳಗಿಂದ ಉಪ್ಪಿನ ಭರಣಿ ತಂದು ಆಯಿಯ ಮುಂದಿಟ್ಟಳು. ಉಪ್ಪು ತನ್ನದೇ ನೀರಿನಲ್ಲಿ ಕೂತಿತ್ತು. "ನಮ್ಮಲ್ಲಿ ಗಾಳಿಯೇ ಹೀಗೆ ಅಮ್ಮ. ಉಪ್ಪೂ ಬೆವರ್ತದೆ."

ಆಯಿ ಅದನ್ನೂ ನಂಬಲಿಲ್ಲ. ಒಂದು ರೊಟ್ಟಿಯನ್ನು ಒಲೆಯ ಕೆಂಡದ ಮೇಲೆ ತಾನೇ ಸುಟ್ಟು ಗರಿ ಮಾಡಿದಳು. ಅಂಚು ಮುರಿದು ಎಲ್ಲರಿಗೂ ಟಕ್ ಎಂದು ಕೇಳಿಸಿದಳು. ಆಮೇಲೆ ಅದನ್ನು ಕಿಟಕಿಯ ಮೇಲಿಟ್ಟು, ಯಾರೂ ಹತ್ತಿರ ಬರಬಾರದೆಂದು ಹೇಳಿ ಎದುರು ಕೂತಳು. ಮೂವತ್ತೊಂದು ಹಸಿದ ಹೆಂಗಸರು ಆಯಿಯನ್ನು ಕಾದರು, ಆಯಿ ರೊಟ್ಟಿಯನ್ನು ಕಾದಳು. ತಾಸಾದ ಮೇಲೆ ಎದ್ದು ಎರಡು ಬೆರಳಲ್ಲಿ ಬಗ್ಗಿಸಿದಳು. ರೊಟ್ಟಿ ಮುರಿಯಲಿಲ್ಲ, ಬಾಗಿತು.

"ಗಾಳಿನ ಖೋಟಿ ಐತಿ," ಎಂದಳು. "ಇದರಾಗ ಈಕೀದು ಏನೂ ಇಲ್ಲ." ಈಕೆ ಎಂದರೆ ನಾನೋ ಖಾನಾವಳಿಯವಳೋ, ಬಿಡಿಸಿ ಹೇಳಲಿಲ್ಲ.

ಆಮೇಲೆ ನೆಟ್ಟಗೆ ಅಡುಗೆಮನೆಗೆ ಹೋಗಿ ಮೆಟ್ಟುಮಣೆಯ ಮೇಲೆ ಕೂತಳು. ಅಕ್ಕಿ ತೊಳೆಯುವುದರಿಂದ ಸಾರಿಗೆ ಒಗ್ಗರಣೆ ಬೀಳುವ ತನಕ ಕಣ್ಣು ಕದಲಿಸಲಿಲ್ಲ. ಮಧ್ಯಾಹ್ನ ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಮುರುಗಲ ಸಾರು, ಬಸಳೆಯ ಹುಳಿ, ತಂಬುಳಿ ಬಂದವು. ಆಯಿ ಮೊದಲ ತುತ್ತು ಇಟ್ಟು ನುಂಗಿ, ಸ್ವಲ್ಪ ಹೊತ್ತು ತನ್ನ ಮೈಯೊಳಗೆ ಏನಾಗುತ್ತದೆ ಎಂದು ಕೇಳಿಸಿಕೊಳ್ಳುವವಳಂತೆ ಕೂತಳು. ಎರಡನೆಯ ತುತ್ತು ಕಲಸಿದ ಮೇಲೆ ಸಾಲಿನಲ್ಲಿದ್ದವರೆಲ್ಲ ಎಲೆಗೆ ಕೈ ಹಾಕಿದರು. "ಖಾರ ಇಲ್ಲ," ಎಂದಳು. "ಆದ್ರೂ ಮೋಸ ಇಲ್ಲ."

ಮೀನು ತಿನ್ನಲು ಕೇರಿಗೆ ಹೋಗುವಾಗ ಎಂಟು ಜನ ಇದ್ದರು. ಬರುವಾಗ ಹತ್ತು ಜನರ ಕೈಯಲ್ಲಿ ಆ ವಾಸನೆಯಿತ್ತು. ನಾನು ಎಣಿಸಿದಂತೆ ತೋರಿಸಿಕೊಳ್ಳಲಿಲ್ಲ.

ಮೂರನೆಯ ದಿನ ಕಾರವಾರ ನೋಡಿ ತಿರುಗಿದೆವು. ಮಿಶ್ರಿಕೋಟಿಯಲ್ಲಿ ಒಂದೇ ತಾಸು. ಆಯಿ ಬಸ್ಸಿನ ಬಾಗಿಲಲ್ಲಿ ನಿಂತು ಇಳಿದ ತಲೆ, ಹತ್ತಿದ ತಲೆ ಎಣಿಸಿದಳು. ಊರು ಮುಟ್ಟಿದಾಗ ಊರ ಬಾಗಿಲ ಅಗಸಿಯಲ್ಲಿ ಗಂಡಂದಿರು, ಮಾವಂದಿರು, ಅತ್ತೆಯಂದಿರು ನೆರೆದಿದ್ದರು. ಯಾರೂ ಮುಖ ನೋಡುತ್ತಿರಲಿಲ್ಲ. ಎಲ್ಲರೂ ಇಳಿದವರ ನಡಿಗೆ ನೋಡುತ್ತಿದ್ದರು, ಹೊಟ್ಟೆ ಹಿಡಿದುಕೊಂಡಿದ್ದಾರೆಯೇ, ಬಗ್ಗಿ ನಡೆಯುತ್ತಾರೆಯೇ ಎಂದು. ಆಯಿ ಕೊನೆಗೆ ಇಳಿದಳು.

"ನಡಿಗಿ ಏನ ನೋಡ್ತೀರಿ? ಎಣಿಸ್ಕೋರಿ. ಹೆಂಗ ಒಯ್ದಿದ್ದೆನೋ ಹಂಗ ತಂದೇನಿ."

ನನ್ನ ಕಡೆ ನೋಡದೆ ಮನೆಗೆ ಹೋದಳು. ಹೊಲಿಗೆ ತರಗತಿಗೆ ಬರುವವರು ಮೆಲ್ಲಗೆ ಹದಿನೈದಾದರು. ಆ ವರ್ಷದ ಗುರಿ ಮುಟ್ಟದ್ದಕ್ಕೆ ನನಗೆ ಮೆಮೊ ಬಂತು.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಆಯಿ ನನ್ನ ಖೋಲಿಗೆ ಬಂದಳು. ಹಿಂದೆ ಎರಡನೆಯ ಸೊಸೆ, ತಲೆಯ ಮೇಲೆ ಸೆರಗು ಹೊದ್ದು.

"ಇಕೀಗೆ ಮೂರ ಆಗ್ಯಾವ. ಸಾಕಂತಾಳ. ಗಂಡನೂ ಹೂಂ ಅಂದಾನ," ಎಂದಳು ಆಯಿ. "ಹೊಲಿಗಿ ಹಾಕಾವ್ರು ಯಾರು? ಎಷ್ಟ ದಿನ ಮಲಗಬೇಕು? ಹಿಂದಿನಂಗ ಕೀವ ಆಗಂಗಿಲ್ಲಲ್ಲ?"

ಮೊದಲ ಎರಡಕ್ಕೆ ಉತ್ತರ ಹೇಳಿದೆ. ಮೂರನೆಯದಕ್ಕೆ, "ಆಗಬಾರದು. ಆದ್ರ ಆಗಂಗಿಲ್ಲ ಅಂತ ನಾ ಹೇಳಾಕ ಬರಂಗಿಲ್ರಿ," ಎಂದೆ.

ಆಯಿ ಸೊಸೆಯ ಕಡೆ ನೋಡಿದಳು. ಸೊಸೆ ತಲೆಯಾಡಿಸಿದಳು. ಒಂಬತ್ತರ ಬಸ್ಸಿಗೆ ಹೊರಟೆವು. ಸೀಟಿನಲ್ಲಿ ಆಯಿ ನಮ್ಮಿಬ್ಬರ ನಡುವೆ ಕೂತಳು. ಬಸ್ಸು ತುಂಬ ನಮ್ಮೂರಿನವರೇ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು, ಹಿಂದಿನ ಸೀಟಿನ ತನಕ ಕೇಳುವಂತೆ.

"ದವಾಖಾನಿಗೆ. ಮೂರು."